ಗಿಟಾರ್ ಪಕ್ಕಕ್ಕಿಟ್ಟ ಪಂಕ್: ಓಸೀಸ್ ಮತ್ತು ಸಿಂಥ್ ಪಂಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದಲ್ಲಿರುವ ಕನ್ನಡದ ಗೆಳೆಯರಿಗೆ ಓಸೀಸ್ ಬ್ಯಾಂಡಿನ ಹಾಡು ಕಳಿಸಿದಾಗಲೆಲ್ಲ ನನಗೆ ವಾಪಸ್ ಬರುವುದು ಪ್ರಶ್ನೆಗಳೇ. ಕೆಲವು ಕುತೂಹಲದ್ದು, ಕೆಲವು ಜಗಳದ್ದು. ಎಲ್ಲವನ್ನೂ ಒಂದು ಕಡೆ ಹಾಕಿ ಉತ್ತರ ಬರೆದಿದ್ದೇನೆ. ಸಾಲಾಗಿ ಓದಬೇಕಂತಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

ಸಿಂಥ್ ಪಂಕ್ ಅಂದರೆ ಏನು? ಬೇಗ ಹೇಳಿ.

ಪಂಕ್ ಅಂದರೆ ವೇಗದ, ಸಿಟ್ಟಿನ, ಒರಟು ರಾಕ್ ಸಂಗೀತ. ಅದರಲ್ಲಿ ಗಿಟಾರ್ ಇರಬೇಕಾದ ಜಾಗದಲ್ಲಿ ಸಿಂಥಸೈಜರ್ (ಚಿಕ್ಕದಾಗಿ ಸಿಂಥ್, ವಿದ್ಯುತ್ತಿನಿಂದ ಶಬ್ದ ಹುಟ್ಟಿಸುವ ವಾದ್ಯ) ಬಂದು ಕೂತರೆ ಅದು ಸಿಂಥ್ ಪಂಕ್. ವೇಗ ಅದೇ, ಸಿಟ್ಟು ಅದೇ, ಎರಡು ಮೂರು ನಿಮಿಷದಲ್ಲಿ ಹೇಳಿ ಮುಗಿಸುವ ಆತುರವೂ ಅದೇ. ಕೆಲವರು ಗಿಟಾರನ್ನು ಪೂರ್ತಿ ಬಿಡುತ್ತಾರೆ, ಕೆಲವರು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಸಂಗೀತ 1970ರ ದಶಕದ್ದು. ಈ ಹೆಸರು ಚಾಲ್ತಿಗೆ ಬಂದಿದ್ದು ಮಾತ್ರ ತುಂಬಾ ತಡವಾಗಿ, 1990ರ ದಶಕದ ಕೊನೆಯಲ್ಲಿ.

ಓಸೀಸ್ ಅಂದರೆ ಆ ಇಂಗ್ಲೆಂಡಿನ ಅಣ್ಣತಮ್ಮಂದಿರ ಬ್ಯಾಂಡಾ?

ಅಲ್ಲ. ಅದು ಓಯಸಿಸ್. ಇದು ಅಮೆರಿಕದ ಕ್ಯಾಲಿಫೋರ್ನಿಯಾದ್ದು, ಸಂಬಂಧವೇ ಇಲ್ಲ.

ಹಾಗಾದರೆ ಇವರು ಯಾರು? ಒಂದೊಂದು ಆಲ್ಬಮ್ ಮೇಲೆ ಒಂದೊಂದು ಹೆಸರು ಇದೆಯಲ್ಲ?

ಜಾನ್ ಡ್ವಯರ್ ಅನ್ನುವವರು 1997ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ ಬ್ಯಾಂಡು. ಮೊದಲು ಮನೆಯಲ್ಲಿ ಒಬ್ಬರೇ ಕೂತು ಮಾಡುತ್ತಿದ್ದ ಮೆತ್ತಗಿನ, ವಿಚಿತ್ರ ರೆಕಾರ್ಡಿಂಗ್‌ಗಳಿಗೆ ಓಸಿಎಸ್ ಅಂತ ಹೆಸರಿಟ್ಟಿದ್ದರು. ಆಮೇಲೆ ಜನ ಸೇರಿದರು, ಶಬ್ದ ಜೋರಾಯಿತು, ಹೆಸರು ದಿ ಓಸೀಸ್ ಆಯಿತು, ದೀ ಓ ಸೀಸ್ ಆಯಿತು, ಓ ಸೀಸ್ ಆಯಿತು, ಈಗ ಸುಮ್ನೆ ಓಸೀಸ್. ಮೊಬೈಲಿನಲ್ಲಿ ಹುಡುಕುವಾಗ ಇದನ್ನು ನೆನಪಿಡಿ, ಯಾಕೆಂದರೆ ಒಂದೇ ಹೆಸರು ಹಾಕಿದರೆ ಅರ್ಧ ಆಲ್ಬಮ್‌ಗಳು ಕಣ್ಣಿಗೇ ಬೀಳುವುದಿಲ್ಲ. ಈಚಿನ ವರ್ಷಗಳ ತಂಡದಲ್ಲಿ ಡ್ವಯರ್ ಜೊತೆ ಬೇಸ್‌ನಲ್ಲಿ ಟಿಮ್ ಹೆಲ್ಮನ್, ಕೀಬೋರ್ಡ್‌ನಲ್ಲಿ ಟೋಮಸ್ ಡೋಲಾಸ್, ಡ್ರಮ್ಸ್‌ನಲ್ಲಿ ಡ್ಯಾನ್ ರಿಂಕನ್ ಮತ್ತು ಪಾಲ್ ಕ್ವಾಟ್ರೋನ್ ಇದ್ದಾರೆ.

ಇಪ್ಪತ್ತಕ್ಕೂ ಜಾಸ್ತಿ ಸ್ಟುಡಿಯೋ ಆಲ್ಬಮ್ ಬಂದಿವೆ. ಕೆಲವು ವರ್ಷ ಒಂದಕ್ಕಿಂತ ಹೆಚ್ಚು.

ಈ ಪುಟದಲ್ಲಿ ಯಾವ ಆಲ್ಬಮ್ ಬಗ್ಗೆ ಮಾತಾಡುತ್ತಿದ್ದೀರಿ?

ಮುಖ್ಯವಾಗಿ ಇಂಟರ್‌ಸೆಪ್ಟೆಡ್ ಮೆಸೇಜ್. 2023ರ ಆಗಸ್ಟ್‌ನಲ್ಲಿ ಬಂತು, 12 ಹಾಡು. ಸಿಂಥ್ ಕಡೆಗೆ ಇವರು ಜೋರಾಗಿ ತಿರುಗಿದ್ದು ಇಲ್ಲಿ. ಅದರ ಮುಂದಿನ ವರ್ಷ ಬಂದ ಸಾರ್ಕ್ಸ್ 80 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು, ಆ ಮಾತು ಕೆಳಗಿದೆ.

ಅದರಲ್ಲಿ ಏನೇನಿದೆ? ಎಲ್ಲ ಹಾಡೂ ಬೇರೆ ಬೇರೆ ಥರ ಅಂತಾರಲ್ಲ?

ಹೌದು, ಅದೇ ಅದರ ರುಚಿ. ಮೊದಲು ಹಿಂದಿನ ವರ್ಷ ಏನಾಗಿತ್ತು ಅಂತ ತಿಳಿದುಕೊಳ್ಳಿ. 2022ರಲ್ಲಿ ಇವರು ಎ ಫೌಲ್ ಫಾರ್ಮ್ ಅಂತ ಒಂದು ಆಲ್ಬಮ್ ತಂದರು. ಹತ್ತು ಹಾಡು, ಎಲ್ಲ ಸೇರಿ 22 ನಿಮಿಷದ ಹತ್ತಿರ, ಪೂರ್ತಿ ಹಾರ್ಡ್‌ಕೋರ್ ಪಂಕ್, ಅಂದರೆ ಪಂಕ್‌ನ ಇನ್ನೂ ವೇಗದ, ಒರಟು ಬಗೆ, ಉಸಿರಾಡಲು ಬಿಡುವುದಿಲ್ಲ. ಅದನ್ನು ಕೇಳಿ ಇವರು ಹಳೇ ಪಂಕ್‌ಗೆ ವಾಪಸ್ ಹೋದರು ಅಂತ ಅಭಿಮಾನಿಗಳು ತೀರ್ಮಾನಕ್ಕೆ ಬರುವಷ್ಟರಲ್ಲಿ ಒಂದೇ ವರ್ಷದಲ್ಲಿ ಈ ಆಲ್ಬಮ್ ಬಂತು: ಕುಣಿಸುವ ತಾಳ, ಕೊರೆಯುವ ಸಿಂಥ್, ಗುನುಗುವಂಥ ರಾಗ.

ಶುರುವಿನ ಹಾಡುಗಳಲ್ಲಿ ಗಿಟಾರ್ ಮತ್ತು ಸಿಂಥ್ ಒಂದನ್ನೊಂದು ತಳ್ಳಾಡುತ್ತವೆ. ಗಿಟಾರ್ ಚೂಪಾಗಿ ಕಡಿಯುತ್ತೆ, ಸಿಂಥ್ ಅದರ ಬೆನ್ನಿಗೇ ಬಂದು ಜಾರುತ್ತೆ. ನಡುವೆ ದಿ ಫಿಶ್ ನೀಡ್ಸ್ ಎ ಬೈಕ್ ಅಂತ ಒಂದು ಹಾಡಿದೆ, ಅದು ಇವರದಲ್ಲ, 1980ರ ದಶಕದ ಶುರುವಿನಲ್ಲಿ ಬ್ಲರ್ಟ್ ಅನ್ನುವ ಬ್ರಿಟಿಷ್ ಬ್ಯಾಂಡ್ ಮಾಡಿದ್ದು. ಆ ಬ್ಯಾಂಡಿನ ಟೆಡ್ ಮಿಲ್ಟನ್ ಕವಿ, ಸ್ಯಾಕ್ಸೊಫೋನ್ ವಾದಕ. ಮೂಲವನ್ನೂ ಹುಡುಕಿ ಕೇಳಿ, ಎರಡನ್ನೂ ಹಿಂದೆಮುಂದೆ ಹಾಕಿದರೆ ಓಸೀಸ್ ಯಾರ ಮನೆಯಿಂದ ಬಂದವರು ಅಂತ ಗೊತ್ತಾಗುತ್ತೆ. ಕೊನೆಗೆ ಬರುವ ಹೊತ್ತಿಗೆ ವೇಗ ಇಳಿಯುತ್ತೆ. ಆಲ್ವೇಸ್ ಅಟ್ ನೈಟ್ ನಿಧಾನದ, ಬೇಸರ ತುಂಬಿದ, ಚೆಂದದ ಹಾಡು. ಪಂಕ್ ಕೇಳದವರಿಗೂ ಅದನ್ನು ಧೈರ್ಯವಾಗಿ ಕೇಳಿಸಬಹುದು. ಅದಾದ ಮೇಲೆ ಕಡೆಯ ಟ್ರ್ಯಾಕ್‌ಗೆ ಲಾಸ್ ಏಂಜಲೀಸ್‌ನ ನೀರು ಮತ್ತು ವಿದ್ಯುತ್ ಇಲಾಖೆಯ ಹೆಸರಿದೆ. ಇಲಾಖೆಗೆ ಫೋನ್ ಮಾಡಿದಾಗ ಕಾಯಿಸುತ್ತಾ ಹಾಕುವ ಸಂಗೀತ ಇರುತ್ತಲ್ಲ, ಆ ಥರದ್ದು. ಕರೆಂಟ್ ಹೋದಾಗ ಫೋನ್ ಹಿಡಿದು ಕಾದು ಕಾದು ಸಾಕಾದವರು ಅಂಧೇರಿಯಲ್ಲೂ ಇದ್ದಾರೆ, ಮಡಗಾಂವ್‌ನಲ್ಲೂ ಇದ್ದಾರೆ. ಅವರಿಗೆ ವಿವರಿಸಿ ಹೇಳಬೇಕಾದ್ದೇ ಇಲ್ಲ.

ಒಂದೇ ಆಲ್ಬಮ್‌ನಲ್ಲಿ ಇಷ್ಟು ಬಗೆ ಯಾಕೆ? ಇದು ಗೊಂದಲ ಅಲ್ವಾ?

ಈ ಪ್ರಶ್ನೆಯೇ ಎಲ್ಲಕ್ಕಿಂತ ಜಾಸ್ತಿ ಬರುತ್ತೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗಿಟಾರ್ ವರ್ಷಗಟ್ಟಲೆ ನುಡಿಸಿದವರ ಬೆರಳಿಗೆ ಒಂದು ದಾರಿ ಬಿದ್ದಿರುತ್ತೆ. ತಲೆ ಬೇರೆ ಏನೋ ಯೋಚಿಸಿದರೂ ಬೆರಳು ಅದೇ ಹಳೇ ಜಾಗಕ್ಕೆ ಹೋಗಿ ಕೂರುತ್ತೆ. ಸಿಂಥ್ ಮುಂದೆ ನಿಂತಾಗ ಆ ದಾರಿ ಇಲ್ಲ. ಅದರಲ್ಲೂ ಹಳೇ ಕಾಲದ ಎಷ್ಟೋ ಸಿಂಥ್‌ಗಳು ಒಂದು ಸಲಕ್ಕೆ ಒಂದೇ ಸ್ವರ ಕೊಡುತ್ತವೆ. ನೀವು ಹತ್ತು ಬೆರಳು ಒತ್ತಿದರೂ ಒಂದೇ ಸ್ವರ. ಹಾಗಾಗಿ ಕಾರ್ಡ್ ಹಿಡಿದು, ಅಂದರೆ ಹಲವು ಸ್ವರ ಒಟ್ಟಿಗೆ ಹಿಡಿದು, ಬಾರಿಸುವ ಸುಲಭದ ಕೆಲಸ ಅಲ್ಲಿ ನಡೆಯಲ್ಲ. ಹಾಡು ಒಂದು ಗೆರೆ ಎಳೆದ ಹಾಗೆ ಸಾಗಬೇಕು. ಕೈಗೆ ಸಿಕ್ಕ ಸಾಧನ ಬದಲಾಯಿತು ಅಂದರೆ ಹಾಡಿನ ಮೈಕಟ್ಟೇ ಬದಲಾಗುತ್ತೆ. ಡ್ವಯರ್‌ಗೆ ಇದು ಚೆನ್ನಾಗಿ ಗೊತ್ತು. 2014ರಿಂದ ಡ್ಯಾಮೇಜ್ಡ್ ಬಗ್ ಅನ್ನುವ ಇನ್ನೊಂದು ಹೆಸರಿನಲ್ಲಿ ಅವರು ಒಬ್ಬರೇ ಸಿಂಥ್ ಆಲ್ಬಮ್‌ಗಳನ್ನು ಮಾಡಿದ್ದಾರೆ. 2023ರಲ್ಲಿ ದಿಢೀರ್ ಅಂತ ಫ್ಯಾಷನ್ ಹಿಂದೆ ಓಡಿದರು ಅನ್ನುವವರು ಆ ಆಲ್ಬಮ್‌ಗಳನ್ನು ಕೇಳಬೇಕು.

ಈ ಬ್ಯಾಂಡಿನ ಹಳೇ ಪಟ್ಟಿ ನೋಡಿ. 2017ರಲ್ಲಿ ಹಳೇ ಓಸಿಎಸ್ ಹೆಸರಿನಲ್ಲೇ ಬ್ರಿಜಿಡ್ ಡಾಸನ್ ದನಿ ಸೇರಿಸಿ ಮೆತ್ತಗಿನ ಹಾಡುಗಳ ಒಂದು ಆಲ್ಬಮ್. 2019ರಲ್ಲಿ 80 ನಿಮಿಷ ದಾಟುವ ಫೇಸ್ ಸ್ಟ್ಯಾಬರ್, ಅದರ ಕೊನೆಯ ಹಾಡೊಂದೇ 20 ನಿಮಿಷಕ್ಕೂ ಮೇಲೆ. ಮೂರು ವರ್ಷ ಬಿಟ್ಟು ಆ 22 ನಿಮಿಷದ ಹಾರ್ಡ್‌ಕೋರ್. ಇದನ್ನೆಲ್ಲ ಒಂದೇ ಜನ ಮಾಡಿದ್ದು. ಅಂದಮೇಲೆ ಇಂಟರ್‌ಸೆಪ್ಟೆಡ್ ಮೆಸೇಜ್‌ನ ಒಳಗಿನ ಬಗೆಬಗೆ ಹೊಸದೇನಲ್ಲ. ಮುಂಚೆ ಆಲ್ಬಮ್‌ನಿಂದ ಆಲ್ಬಮ್‌ಗೆ ಆಗುತ್ತಿದ್ದ ಬದಲಾವಣೆ ಇಲ್ಲಿ ಹಾಡಿನಿಂದ ಹಾಡಿಗೆ ಆಗಿದೆ ಅಷ್ಟೇ.

ನನ್ನ ಪ್ರಕಾರ ಪಂಕ್ ಅನ್ನುವುದು ಒಂದು ಶಬ್ದದ ಹೆಸರೇ ಅಲ್ಲ. ಕೈಯಲ್ಲಿ ಏನಿದೆಯೋ ಅದರಲ್ಲಿ, ಯಾರನ್ನೂ ಕೇಳದೆ, ಬೇಗ ಮಾಡಿ ಹೊರಗೆ ಬಿಡುವ ಕೆಲಸದ ರೀತಿ ಅದು. ಹಾಗೆ ಕೆಲಸ ಮಾಡುವವರ ಹಾಡು ಒಂದೇ ಥರ ಇರಲು ಸಾಧ್ಯವೇ ಇಲ್ಲ.

ಇಷ್ಟೊಂದು ಆಲ್ಬಮ್ ತಂದರೆ ಗುಣಮಟ್ಟ ಇಳಿಯುತ್ತೆ ಅಲ್ವಾ?

ಎಲ್ಲವೂ ಒಂದೇ ಎತ್ತರದಲ್ಲಿಲ್ಲ, ಒಪ್ಪುತ್ತೇನೆ. 2020ರಲ್ಲಿ ಒಂದರ ಹಿಂದೆ ಒಂದು ಬಂದವುಗಳಲ್ಲಿ ಪ್ರೋಟಿಯನ್ ಥ್ರೆಟ್ ನನಗೆ ತುಂಬಾ ಇಷ್ಟ, ಉಳಿದವು ಅಷ್ಟು ಹತ್ತಲಿಲ್ಲ. ಆದರೂ ವರ್ಷಕ್ಕೊಂದು ಮಾಡುವವರನ್ನು ನಾನು ಬಲವಾಗಿ ಬೆಂಬಲಿಸುತ್ತೇನೆ. ಡ್ವಯರ್‌ಗೆ ಕ್ಯಾಸಲ್ ಫೇಸ್ ಅಂತ ಸ್ವಂತ ಲೇಬಲ್, ಅಂದರೆ ಆಲ್ಬಮ್ ಹೊರತರುವ ಕಂಪನಿ, ಇದೆ. ಅಲ್ಲಿ ಬೇರೆಯವರ ಆಲ್ಬಮ್‌ಗಳೂ ಬಂದಿವೆ. ಟೈ ಸೀಗಲ್ ಅವರ ಮೊದಲ ಸೋಲೋ ಆಲ್ಬಮ್ 2008ರಲ್ಲಿ ಬಂದಿದ್ದು ಅಲ್ಲಿಂದಲೇ. ಸ್ವಂತ ಲೇಬಲ್, ಜೊತೆಗೆ ಪಳಗಿದ ಗೆಳೆಯರ ತಂಡ. ಅನುಮತಿಗೆ ಕಾಯುವ ಕೆಲಸವಿಲ್ಲ.

ನಮ್ಮ ಮುಂಬೈನಲ್ಲಿ ಪ್ರತಿಭೆ ಇರುವ ಹುಡುಗ ಹುಡುಗಿಯರು ಮೊದಲ ಆಲ್ಬಮ್‌ಗೇ ಐದಾರು ವರ್ಷ ಉಜ್ಜುತ್ತಾ ಕೂರುವುದನ್ನು ನೋಡಿದ್ದೇನೆ. ಒಳ್ಳೇ ಸ್ಟುಡಿಯೋ ಸಿಗಲಿ, ದೊಡ್ಡವರು ಯಾರಾದರೂ ಕೇಳಲಿ, ಸಿನಿಮಾದವರು ಕರೆಯಲಿ ಅಂತ. ಅಷ್ಟರಲ್ಲಿ ಡ್ರಮ್ಮರ್‌ಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿರುತ್ತೆ. ಹಾಡು ಇದ್ದಾಗ ಬಿಡುಗಡೆ ಮಾಡಿ. ಮುಂದಿನದ್ದು ಇನ್ನೂ ಚೆನ್ನಾಗಿ ಬರುತ್ತೆ.

ಗಿಟಾರ್ ಪೂರ್ತಿ ಬಿಟ್ಟುಬಿಟ್ಟರಂತೆ, ನಿಜವಾ?

ಒಂದು ಆಲ್ಬಮ್‌ಗೆ ನಿಜ. 2024ರ ಆಗಸ್ಟ್‌ನಲ್ಲಿ ಬಂದ ಸಾರ್ಕ್ಸ್ 80ರಲ್ಲಿ ಗಿಟಾರ್ ಇಲ್ಲ. ಆ ಜಾಗದಲ್ಲಿ ಸ್ಯಾಂಪ್ಲರ್‌ಗಳಿವೆ, ಅಂದರೆ ರೆಕಾರ್ಡ್ ಮಾಡಿಟ್ಟ ಶಬ್ದದ ತುಣುಕನ್ನು ಒತ್ತಿದಾಗಲೆಲ್ಲ ನುಡಿಸುವ ಪೆಟ್ಟಿಗೆ. ಬೇಸ್ ಇದೆ, ಡ್ರಮ್ಸ್ ಇದೆ, ಕಿರುಚಾಟ ಇದೆ. ನನಗೆ ಇಂಟರ್‌ಸೆಪ್ಟೆಡ್ ಮೆಸೇಜ್‌ಗಿಂತ ಇದು ಸ್ವಲ್ಪ ಬಿಗಿ ಅನಿಸುತ್ತೆ, ಒಂದೇ ಗುರಿ ಇಟ್ಟುಕೊಂಡು ಓಡಿದ ಹಾಗೆ. ಬಗೆಬಗೆ ಬೇಕಾದರೆ 2023ರದ್ದು, ಒಂದೇ ಉಸಿರಿನ ಓಟ ಬೇಕಾದರೆ 2024ರದ್ದು.

ಸಿಂಥ್‌ನಿಂದ ಅಷ್ಟು ಒರಟು ಶಬ್ದ ಹೇಗೆ ಬರುತ್ತೆ? ಮದುವೆ ಮನೆಯ ಕೀಬೋರ್ಡ್ ಹಾಗೆ ಕೇಳಲ್ವಲ್ಲ?

ಆರ್ಕೆಸ್ಟ್ರಾದವರ ಕೀಬೋರ್ಡ್ ಬೇರೆ ವಾದ್ಯಗಳ ಶಬ್ದವನ್ನು ನಕಲು ಮಾಡಲು ನೋಡುತ್ತೆ: ಪಿಟೀಲು, ಕೊಳಲು, ಪಿಯಾನೋ. ಸಿಂಥ್ ಪಂಕ್‌ನವರಿಗೆ ಆ ಆಸೆಯೇ ಇಲ್ಲ. ಅನಲಾಗ್ ಸಿಂಥ್‌ನ ಒಳಗೆ ಆಸಿಲೇಟರ್ ಅನ್ನುವ ಸರ್ಕ್ಯೂಟ್ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಮೇಲೆ ಕೆಳಗೆ ಆಡಿಸುತ್ತೆ. ಆ ಏರಿಳಿತವನ್ನು ಸ್ಪೀಕರ್‌ಗೆ ಕೊಟ್ಟರೆ ಸ್ವರ. ಏರಿಳಿತ ನುಣುಪಾಗಿದ್ದರೆ ಶಬ್ದ ಮೆದು. ಗರಗಸದ ಹಲ್ಲಿನ ಆಕಾರದಲ್ಲಿದ್ದರೆ ಅದರಲ್ಲಿ ಮೇಲಿನ ಸ್ವರಾಂಶಗಳು ತುಂಬಿಕೊಂಡು ಕರ್ಕಶ. ಆಮೇಲೆ ಫಿಲ್ಟರ್ ಬಂದು ಬೇಡದ್ದನ್ನು ಕತ್ತರಿಸುತ್ತೆ. ಫಿಲ್ಟರ್ ತಿರುಗಿಸುತ್ತಾ ಹೋದರೆ ಆ ವ್ಯಾಂವ್ ಅನ್ನುವ ಶಬ್ದ. ಇದನ್ನೆಲ್ಲ ತೆಗೆದುಕೊಂಡು ಹೋಗಿ ಗಿಟಾರಿನ ಆಂಪ್ಲಿಫೈಯರ್‌ಗೋ ಡಿಸ್ಟಾರ್ಷನ್ ಪೆಡಲ್‌ಗೋ ಹಾಕಿ ತಾಳುವುದಕ್ಕಿಂತ ಜಾಸ್ತಿ ಜೋರು ಮಾಡಿದರೆ ಅಲೆಯ ತುದಿ ಚಪ್ಪಟೆಯಾಗಿ ಶಬ್ದ ಒಡೆಯುತ್ತೆ. ನೀವು ಕೇಳುತ್ತಿರುವುದು ಅದೇ.

ಇಬ್ಬರು ಡ್ರಮ್ಮರ್ ಯಾಕೆ? ಒಬ್ಬರು ಸಾಲದಾ?

ವಿಡಿಯೋ ನೋಡಿದರೆ ಇಬ್ಬರೂ ವೇದಿಕೆಯ ಮುಂದೆ ಪಕ್ಕ ಪಕ್ಕ ಕೂತಿರುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ಚೆಂಡೆ ಮದ್ದಳೆ ಎರಡೂ ಒಟ್ಟಿಗೆ ಎದ್ದಾಗ ರಂಗದ ಗಾಳಿಯೇ ಬದಲಾಗುತ್ತಲ್ಲ, ಒಂದು ಸುಮ್ಮನಾಗಿ ಇನ್ನೊಂದು ಉಳಿದಾಗ ಕಿವಿ ಚುರುಕಾಗುತ್ತಲ್ಲ, ಆ ಕೆಲಸ ಇಲ್ಲಿಯೂ ನಡೆಯುತ್ತೆ. ಬಹಳ ಹೊತ್ತು ಇಬ್ಬರೂ ಒಂದೇ ಪೆಟ್ಟು ಹೊಡೆಯುತ್ತಾರೆ, ಆಗ ತೂಕ ಬರುತ್ತೆ. ಆಮೇಲೆ ಬೇರೆಯಾಗುತ್ತಾರೆ. ಹೆಡ್‌ಫೋನ್‌ನಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಕೇಳಿಸುವ ಜಾಗ ಹುಡುಕಿ. ಇಬ್ಬರು ಡ್ರಮ್ಮರ್ ಇಟ್ಟುಕೊಂಡು ಇವರು 2011ರಲ್ಲೇ ಕ್ಯಾರಿಯನ್ ಕ್ರಾಲರ್/ದಿ ಡ್ರೀಮ್ ಆಲ್ಬಮ್ ಮಾಡಿದ್ದರು, 2016ರ ಎ ವಿಯರ್ಡ್ ಎಕ್ಸಿಟ್ಸ್‌ನಲ್ಲೂ ಇಬ್ಬರಿದ್ದಾರೆ. ಸಿಂಥ್ ಜಾಸ್ತಿಯಾದ ಮೇಲೂ ಡ್ರಮ್ ಮಷೀನ್ ಇಡದೆ ಮನುಷ್ಯರನ್ನೇ ಉಳಿಸಿಕೊಂಡಿದ್ದು ಒಳ್ಳೇದಾಯಿತು. ಸಿಂಥ್ ಎಷ್ಟೇ ತಣ್ಣಗಿದ್ದರೂ ಕೆಳಗೆ ಬೆವರು ಇರುತ್ತೆ.

ಗಿಟಾರ್ ಇಲ್ಲದ ಪಂಕ್ ಇವರ ಕಂಡುಹಿಡಿತವಾ?

ಖಂಡಿತ ಇಲ್ಲ, ಅವರ ಹಿಂದೆ ಐವತ್ತು ವರ್ಷದ ಸಾಲಿದೆ. ನ್ಯೂಯಾರ್ಕಿನ ಸೂಸೈಡ್, ಅಂದರೆ ಅಲನ್ ವೇಗಾ ಮತ್ತು ಮಾರ್ಟಿನ್ ರೆವ್, 1970ರಲ್ಲೇ ಶುರು ಮಾಡಿದರು. ಶುರುವಿನ ಸ್ವಲ್ಪ ಕಾಲ ಬಿಟ್ಟರೆ ಗಿಟಾರ್ ಇಲ್ಲ, ಡ್ರಮ್ಮರ್ ಇಲ್ಲ. ಒಂದು ಅಗ್ಗದ ಆರ್ಗನ್, ಒಂದು ಹಳೇ ತಾಳದ ಪೆಟ್ಟಿಗೆ, ಒಬ್ಬ ಹಾಡುಗಾರ. ತಮ್ಮ ಕಾರ್ಯಕ್ರಮದ ಚೀಟಿಗಳಲ್ಲಿ ಪಂಕ್ ಅನ್ನುವ ಪದವನ್ನು ಆಗಲೇ ಬಳಸಿದ್ದರು. ಮೊದಲ ಆಲ್ಬಮ್ ಬರಲು 1977 ಆಯಿತು. 1978ರಲ್ಲಿ ಬ್ರಸೆಲ್ಸ್‌ನಲ್ಲಿ ಜನ ಸಿಟ್ಟಿಗೆದ್ದು ಹಾಡುಗಾರನ ಮೈಕನ್ನೇ ಕಿತ್ತುಕೊಂಡರು. ಆ ಗಲಾಟೆಯ ರೆಕಾರ್ಡಿಂಗ್ ಇವತ್ತಿಗೂ ಸಿಗುತ್ತೆ.

ಲಾಸ್ ಏಂಜಲೀಸ್‌ನ ಸ್ಕ್ರೀಮರ್ಸ್ ಕಥೆ ನನಗೆ ಇನ್ನೂ ಹತ್ತಿರ. 1977ರ ಹೊತ್ತಿಗೆ ಆ ಊರಿನ ಪಂಕ್ ಗುಂಪಿನಲ್ಲಿ ಅವರದ್ದೇ ದೊಡ್ಡ ಹೆಸರು. ಎರಡು ಕೀಬೋರ್ಡ್, ಡ್ರಮ್ಸ್, ಟೊಮಾಟಾ ಡು ಪ್ಲೆಂಟಿ ಅನ್ನುವ ಅದ್ಭುತ ಹಾಡುಗಾರ. ಇದ್ದಷ್ಟು ದಿನ ಒಂದೇ ಒಂದು ರೆಕಾರ್ಡ್ ಹೊರತರಲಿಲ್ಲ. 1977ರ ಡೆಮೊಗಳು, ಅಂದರೆ ಮಾದರಿಗೆ ಮಾಡಿಟ್ಟ ರೆಕಾರ್ಡಿಂಗ್‌ಗಳು, ಸರಿಯಾದ ರೀತಿಯಲ್ಲಿ ಬಿಡುಗಡೆಯಾಗಿದ್ದು 2021ರಲ್ಲಿ. ಮೇಲೆ ನಾನು ಬೇಗ ಬಿಡುಗಡೆ ಮಾಡಿ ಅಂದಿದ್ದು ಇಂಥದ್ದನ್ನು ನೋಡಿಯೇ.

ಓಹಾಯೋದ ಡೀವೋ ಬ್ಯಾಂಡಿನ ಸಿಟ್ಟಿಗೆ ಬೇರೆ ಕಾರಣವಿತ್ತು. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ಬೇಡ ಅಂದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಗುಂಡು ಹಾರಿಸಿತು. ನಾಲ್ವರು ಸತ್ತರು. ಜೆರಾಲ್ಡ್ ಕಸಾಲೆ ಅಲ್ಲೇ ಇದ್ದರು. ಮನುಷ್ಯ ಮುಂದೆ ಹೋಗುತ್ತಿಲ್ಲ, ಹಿಂದೆ ಹೋಗುತ್ತಿದ್ದಾನೆ ಅನ್ನುವ ಡೀವೋ ಮಾತಿಗೆ ಬಲ ಬಂದಿದ್ದು ಅಲ್ಲಿಂದ. 1978ರಲ್ಲಿ ಮೊದಲ ಆಲ್ಬಮ್, ನಿರ್ಮಾಪಕರು ಬ್ರಯಾನ್ ಈನೋ. ಅದೇ ವರ್ಷ ಲಂಡನ್ನಿನಲ್ಲಿ ಡೇನಿಯಲ್ ಮಿಲ್ಲರ್ ಕೊರ್ಗ್ ಕಂಪನಿಯ ಒಂದು ಸೆಕೆಂಡ್ ಹ್ಯಾಂಡ್ ಸಿಂಥ್ ಇಟ್ಟುಕೊಂಡು ಮನೆಯಲ್ಲೇ ಎರಡು ಹಾಡು ಮಾಡಿ, ಮ್ಯೂಟ್ ಅಂತ ಸ್ವಂತ ಲೇಬಲ್ ಹೆಸರು ಹಾಕಿ ಬಿಟ್ಟರು. ಜಪಾನಿನ ಕಂಪನಿಗಳು ಅಗ್ಗದ ಸಿಂಥ್ ತಂದಿದ್ದರಿಂದ ಇದೆಲ್ಲ ಆಯಿತು. ಅಲ್ಲಿಯವರೆಗೆ ಸಿಂಥ್ ಅಂದರೆ ವಿಶ್ವವಿದ್ಯಾಲಯದವರ, ಇಲ್ಲವೇ ದೊಡ್ಡ ದೊಡ್ಡ ರಾಕ್ ಸ್ಟಾರ್‌ಗಳ ಸ್ವತ್ತು.

ನಮ್ಮ ಮುಂಬೈಗೂ ಇದಕ್ಕೂ ಏನು ಸಂಬಂಧ?

ಪಂಕ್‌ಗೆ ಜಾಸ್ತಿ ಇಲ್ಲ, ಸಿಂಥ್‌ಗೆ ತುಂಬಾ ಇದೆ. ಮುಂಬೈನ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ಮಾಡಿದರು. ಯಮನ್, ಮಾಲ್ಕೌನ್ಸ್ ಎಲ್ಲ ಇವೆ. ಬಳಸಿದ್ದು ರೋಲಂಡ್ ಕಂಪನಿಯ ಮೂರು ಯಂತ್ರ: ಜ್ಯುಪಿಟರ್ 8 ಸಿಂಥ್, ಬೇಸ್ ನುಡಿಸುವ ಟಿಬಿ 303, ತಾಳ ಹಾಕುವ ಟಿಆರ್ 808. ಎಚ್‌ಎಂವಿ ಹೊರತಂದಿತು, ಯಾರೂ ಕೊಳ್ಳಲಿಲ್ಲ. ಐದು ವರ್ಷದ ಮೇಲೆ ಶಿಕಾಗೋದಲ್ಲಿ ಅದೇ ಟಿಬಿ 303 ತಿರುಗಿಸಿ ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಶುರುವಾಯಿತು. 2010ರಲ್ಲಿ ಆ ಎಲ್‌ಪಿ ಮತ್ತೆ ಅಚ್ಚಾದಾಗ ಯುರೋಪಿನವರು ಬೆಚ್ಚಿಬಿದ್ದರು. ವಯಸ್ಸಾದ ಕಾಲಕ್ಕೆ ಅವರನ್ನು ಕರೆಸಿ ಕಾರ್ಯಕ್ರಮ ಮಾಡಿಸಿದರು. 2015ರಲ್ಲಿ ತೀರಿಕೊಂಡರು. ನಮ್ಮ ಊರಿನಲ್ಲಿ ಅವರ ಹೆಸರಿಗೆ ಇನ್ನೂ ಜಾಸ್ತಿ ಗೌರವ ಸಿಗಬೇಕಿತ್ತು ಅಂತ ನನಗೆ ನಿಜಕ್ಕೂ ಬೇಸರವಿದೆ.

ಗೋವಾದ ಕಥೆ ಇನ್ನೊಂದು. 1980ರ ದಶಕದಲ್ಲಿ ಅಂಜುನಾ ಕಡಲ ತೀರದ ಪಾರ್ಟಿಗಳಲ್ಲಿ ಹಾಡು ಹಾಕುತ್ತಿದ್ದವರು ರಾಕ್ ಬಿಟ್ಟು ಯುರೋಪಿನ ಸಿಂಥ್ ಸಂಗೀತಕ್ಕೆ ತಿರುಗಿದರು. ಕ್ಯಾಬರೆ ವೋಲ್ಟೇರ್, ಫ್ರಂಟ್ 242 ಥರದವರದ್ದು. ಬಿಸಿಲಿಗೆ ರೆಕಾರ್ಡ್ ಸೊಟ್ಟಗಾಗುತ್ತೆ ಅಂತ ಎಲ್ಲವನ್ನೂ ಕ್ಯಾಸೆಟ್‌ಗೆ ಇಳಿಸಿ, ಹಾಡಿದ ಭಾಗ ಕತ್ತರಿಸಿ ವಾದ್ಯದ ಭಾಗವನ್ನು ಉದ್ದ ಮಾಡಿ ಹಾಕುತ್ತಿದ್ದರು. ಗೋವಾ ಟ್ರಾನ್ಸ್ ಅಂತ ಈಗ ಜಗತ್ತು ಕರೆಯುವುದರ ಬೇರು ಅದು. ಸಿಂಥ್ ಪಂಕ್‌ನ ಅಣ್ಣತಮ್ಮಂದಿರು ಆ ಮರಳಿನ ಮೇಲೆ ಆಗಲೇ ಕುಣಿಸಿದ್ದರು.

ಹಾಗಾದರೆ ಇಲ್ಲಿ ರಾಕ್ ಬ್ಯಾಂಡ್‌ಗಳು ಸಿಂಥ್ ಕಡೆಗೆ ತಿರುಗಲೇ ಇಲ್ವಾ?

ತಿರುಗಿದ್ದಾರೆ. 1994ರಲ್ಲಿ ಮುಂಬೈನಲ್ಲಿ ಶುರುವಾದ ಪೆಂಟಾಗ್ರಾಮ್ 2002ರ ಹೊತ್ತಿಗೆ ಎಲೆಕ್ಟ್ರಾನಿಕ್ಸ್ ಬೆರೆಸಿದ ಆಲ್ಬಮ್ ಮಾಡಿತು. ಅಡ್ಡಿ ಇದ್ದಿದ್ದು ಜಾಗದ್ದು. 1986ರಿಂದ ಇಂಡಿಪೆಂಡೆನ್ಸ್ ರಾಕ್ ಉತ್ಸವ ನಡೆಯುತ್ತಿದ್ದ ಧೋಬಿ ತಲಾವ್‌ನ ರಂಗ್ ಭವನ್, ಆಸ್ಪತ್ರೆ ಕಾಲೇಜುಗಳ ಹತ್ತಿರ ಇದೆ ಅಂತ ನಿಶ್ಶಬ್ದ ವಲಯದ ನಿಯಮಕ್ಕೆ ಸಿಕ್ಕಿತು. ಪುಣೆಯಲ್ಲಿ 2010ರಲ್ಲಿ ಎನ್‌ಎಚ್7 ವೀಕೆಂಡರ್ ಸಂಗೀತ ಉತ್ಸವ ಶುರುವಾದ ಮೇಲೆ ಸಣ್ಣ ಬ್ಯಾಂಡ್‌ಗಳಿಗೆ ಸ್ವಲ್ಪ ಉಸಿರು ಬಂತು.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ, ಭಾವಗೀತೆ ಕೇಳಿ ಬೆಳೆದವರು ನಾವು. ನಮಗೆ ಇದು ಹಿಡಿಸುತ್ತಾ?

ಎಲ್ಲರಿಗೂ ಹಿಡಿಸುತ್ತೆ ಅಂತ ನಾನು ಹೇಳಲ್ಲ. ದಾರಿ ಮಾತ್ರ ಹೇಳಬಲ್ಲೆ. ಮೊದಲು ಆಲ್ವೇಸ್ ಅಟ್ ನೈಟ್ ಕೇಳಿ, ಅದರಲ್ಲಿ ರಾಗ ಇದೆ. ಆಮೇಲೆ ಆಲ್ಬಮ್‌ಗೆ ಹೆಸರು ಕೊಟ್ಟ ಹಾಡು. ಅದು ಆಗಿಬಂದರೆ ಮೊದಲಿನಿಂದ ಹಾಕಿ. ಪುಣೆಯಲ್ಲಿ ವರ್ಷವೂ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ರಾತ್ರಿಯವರೆಗೆ ಕೂರುವ ಧಾರವಾಡ, ಗದಗ ಕಡೆಯವರು ಚರಣ್‌ಜಿತ್ ಸಿಂಗ್ ಅವರಿಂದಲೇ ಶುರು ಮಾಡುವುದು ವಾಸಿ. ರಾಗ ನಿಮಗೆ ಗೊತ್ತು, ಯಂತ್ರ ಮಾತ್ರ ಹೊಸದು. ಯಂತ್ರದ ದನಿ ಕಿವಿಗೆ ರೂಢಿಯಾದ ಮೇಲೆ ಸೂಸೈಡ್ ಕೂಡ ಕಷ್ಟ ಅನಿಸಲ್ಲ, ಅಲ್ಲೂ ಒಂದೇ ನೆಲೆಯ ಮೇಲೆ ನಿಂತು ನಿಧಾನ ಬೆಳೆಸುವ ಕೆಲಸವೇ ನಡೆಯುವುದು.

ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಮಗ ಇಡೀ ದಿನ ಇದನ್ನೇ ಹಾಕುತ್ತಾನೆ. ಚಿಂತೆ ಮಾಡಬೇಕಾ?

ಬೇಡ ಅಕ್ಕ. ಅವನ ಜೊತೆ ಕೂತು ಒಂದು ಹಾಡು ಕೇಳಿ, ಇದರಲ್ಲಿ ನಿನಗೆ ಏನಿಷ್ಟ ಅಂತ ಕೇಳಿ. ಮಕ್ಕಳು ಇದಕ್ಕೆ ಬಹಳ ಚೆನ್ನಾಗಿ ಉತ್ತರ ಕೊಡುತ್ತಾರೆ. ವಾಲ್ಯೂಮ್ ಮೇಲೆ ಮಾತ್ರ ಕಣ್ಣಿಡಿ, ಕೆಳಗೆ ಬರೆದಿದ್ದೇನೆ.

ಏನು ಹಾಡುತ್ತಾರೆ ಅಂತಲೇ ಗೊತ್ತಾಗಲ್ಲ.

ಮೊದಮೊದಲು ನನಗೂ ಎಲ್ಲ ಪದ ಬೇಕಾಗಲಿಲ್ಲ. ಡ್ವಯರ್ ದನಿಯನ್ನು ಇನ್ನೊಂದು ವಾದ್ಯದ ಥರ ಬಳಸುತ್ತಾರೆ, ಕೂಗು, ಕೇಕೆ, ಪಿಸುಮಾತು ಎಲ್ಲವೂ ಲೆಕ್ಕಕ್ಕೆ. ಎರಡು ಮೂರು ಸಲ ಕೇಳಿದ ಮೇಲೆ ಸಾಹಿತ್ಯ ತೆಗೆದು ಓದಿ.

ಆಪ್‌ಗಳಲ್ಲಿ ಸಿಗುತ್ತಲ್ಲ, ಇದು ಹೇಗೆ ಅಂಡರ್‌ಗ್ರೌಂಡ್?

ಸಿಗುವುದು ಬೇರೆ, ದುಡ್ಡು ಯಾರದ್ದು, ತೀರ್ಮಾನ ಯಾರದ್ದು ಅನ್ನುವುದು ಬೇರೆ. ಇವರು ದೊಡ್ಡ ಕಂಪನಿಯ ಕೈಕೆಳಗಿಲ್ಲ. ಇವರ ಹಾಡು ರೇಡಿಯೋದಲ್ಲಿ ಕೇಳಿ ಬರಲ್ಲ, ಒಬ್ಬರು ಇನ್ನೊಬ್ಬರಿಗೆ ಹೇಳಿ ಹರಡಿದ್ದು. ಇಷ್ಟವಾದರೆ ಹಾಡುಗಾರರೇ ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನುವ ಜಾಲತಾಣದಲ್ಲಿ ಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ಸಾವಿರ ಸಲ ಕೇಳಿದರೂ ಅವರಿಗೆ ಹೋಗುವುದು ಅತ್ಯಲ್ಪ. ವಿದೇಶದಿಂದ ವಿನೈಲ್ ತರಿಸುವುದು ಸಾಗಣೆ, ಸುಂಕ ಸೇರಿ ದುಬಾರಿ. ಡಿಜಿಟಲ್ ಕೊಂಡರೂ ಸಾಕು.

ಲೋಕಲ್ ಟ್ರೇನಿನಲ್ಲಿ ಕೇಳಬಹುದಾ? ಎಷ್ಟು ಜೋರು ಇಡಬೇಕು?

ಕೇಳಬಹುದು, ಆದರೆ ಟ್ರೇನಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದೇ ಅಪಾಯ. ಹೊರಗಿನ ಸದ್ದು ತಡೆಯುವ ಇಯರ್‌ಫೋನ್ ಇದ್ದರೆ ಕಡಿಮೆ ವಾಲ್ಯೂಮ್ ಸಾಕಾಗುತ್ತೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ. ಹಾಗೆ ನೋಡಿದರೆ 100 ಡೆಸಿಬಲ್‌ಗೆ ಸಿಗುವುದು ಬರೀ 15 ನಿಮಿಷ. ಲೋವರ್ ಪರೇಲ್‌ನಲ್ಲೋ ಪುಣೆಯಲ್ಲೋ ಸಣ್ಣ ಹಾಲ್‌ನಲ್ಲಿ ಬ್ಯಾಂಡ್ ನೋಡಲು ಹೋಗುವಾಗ ಇಯರ್‌ಪ್ಲಗ್ ಹಾಕಿಕೊಳ್ಳಿ. ನಾನು ಹಾಕಿಕೊಳ್ಳುತ್ತೇನೆ. ಕಿವಿ ಹೋದರೆ ವಾಪಸ್ ಬರಲ್ಲ.

ನಾವೇ ಇಂಥದ್ದು ಮಾಡಬೇಕು ಅಂದರೆ ಎಷ್ಟು ಖರ್ಚು? ಎಲ್ಲಿಂದ ಶುರು?

ಲ್ಯಾಪ್‌ಟಾಪ್ ಇದ್ದರೆ ಖರ್ಚಿಲ್ಲದೆ ಶುರು ಮಾಡಿ. ವಿಸಿವಿ ರ‍್ಯಾಕ್ ಅನ್ನುವ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಆಸಿಲೇಟರ್, ಫಿಲ್ಟರ್ ಎಲ್ಲವನ್ನೂ ವೈರ್ ಸಿಕ್ಕಿಸಿದ ಹಾಗೆ ಜೋಡಿಸಬಹುದು. ಮೇಲೆ ಸಿಂಥ್ ಬಗ್ಗೆ ಬರೆದಿದ್ದನ್ನೆಲ್ಲ ಒಂದು ಸಂಜೆಯಲ್ಲಿ ಕೈಯಾರೆ ಮಾಡಿ ನೋಡಬಹುದು. ಕೈಯಲ್ಲಿ ಹಿಡಿಯುವ ಯಂತ್ರವೇ ಬೇಕಾದರೆ ಕೊರ್ಗ್‌ನ ವೋಲ್ಕಾ ಥರದ ಸಣ್ಣವು, ಇಲ್ಲವೇ ಯಾರದೋ ಮನೆಯ ಅಟ್ಟದ ಮೇಲಿರುವ ಹಳೇ ಕ್ಯಾಸಿಯೋ. ಕ್ಯಾಸಿಯೋವನ್ನು ಡಿಸ್ಟಾರ್ಷನ್ ಪೆಡಲ್‌ಗೆ ಹಾಕಿ ನೋಡಿ, ಬೆರಗಾಗುತ್ತೀರಿ. ಕೊಳ್ಳುವ ಮುಂಚೆ ಮುಟ್ಟಿ ನೋಡಲು ಧೋಬಿ ತಲಾವ್‌ನ ಫುರ್ಟಾಡೋಸ್‌ಗೆ ಹೋಗಿ, ಕೇಬಲ್ಲು, ಜ್ಯಾಕು, ಅಡಾಪ್ಟರಿಗೆ ಲ್ಯಾಮಿಂಗ್ಟನ್ ರೋಡ್.

ಸಿಂಥ್‌ಗೆ ಮುಂಬೈನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಡ್ರಮ್ಸ್ ಬಾರಿಸಿದರೆ ಇಡೀ ಸೊಸೈಟಿ ಬಾಗಿಲಿಗೆ ಬರುತ್ತೆ. ಸಿಂಥ್ ಅನ್ನು ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯೂ ನುಡಿಸಬಹುದು, ಒಂದು ಕೋಣೆಯ ಮನೆಯಲ್ಲೂ ನುಡಿಸಬಹುದು.

ಒಂದು ನಿಯಮ ಹಾಕಿಕೊಳ್ಳಿ: ಒಂದೇ ಯಂತ್ರ, ಒಂದು ವಾರ, ಮೂರು ಹಾಡು. ಮೂರೂ ಬೇರೆ ಬೇರೆ ವೇಗದಲ್ಲಿರಲಿ.

ಕನ್ನಡದಲ್ಲಿ ಹಾಡಿದರೆ ಆಗುತ್ತಾ?

ಯಾಕಾಗಲ್ಲ? ನಿಲ್ಲು, ಬಿಡು, ತಳ್ಳು, ಸಾಕು: ಎರಡಕ್ಷರದಲ್ಲಿ ಪೆಟ್ಟು ಬೀಳುತ್ತೆ, ಕೊನೆಯ ಸ್ವರವನ್ನು ಬೇಕಾದಷ್ಟು ಎಳೆಯಬಹುದು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ಅದರಲ್ಲೇ ಹಾಡಿ. ಮುಂಬೈ ಕನ್ನಡಿಗರು ಮರಾಠಿ, ಹಿಂದಿ, ಇಂಗ್ಲಿಷ್ ಕಲಸಿ ಆಡುವ ಮಾತು ಇದೆಯಲ್ಲ, ಅದು ಹಾಡಿನಲ್ಲಿ ಬರಲಿ ಅಂತ ನನಗೆ ಬಹಳ ಆಸೆ.

ಇಂಟರ್‌ಸೆಪ್ಟೆಡ್ ಮೆಸೇಜ್ ಇಷ್ಟವಾಯಿತು. ಮುಂದೆ ಏನು?

ಸಾರ್ಕ್ಸ್ 80. ಅದಾದ ಮೇಲೆ ಡ್ಯಾಮೇಜ್ಡ್ ಬಗ್. ಓಸೀಸ್‌ನಿಂದ ಹೊರಗೆ ಹೋಗುವುದಾದರೆ ಮೆಂಫಿಸ್‌ನ ಲಾಸ್ಟ್ ಸೌಂಡ್ಸ್ ಕೇಳಿ, 1999ರಲ್ಲಿ ಜೇ ರಿಟಾರ್ಡ್ ಮತ್ತು ಅಲಿಷಾ ಟ್ರೌಟ್ ಕಟ್ಟಿದ್ದು, ಗಿಟಾರ್ ಮತ್ತು ಸಿಂಥ್ ಎರಡಕ್ಕೂ ಸಮ ಸಿಟ್ಟು. ಹಿಂದಕ್ಕೆ ಹೋಗುವುದಾದರೆ ಡೀವೋ, ಸ್ಕ್ರೀಮರ್ಸ್, ಪ್ಯಾರಿಸ್‌ನ ಮೆತಾಲ್ ಉರ್ಬೈನ್, ಕೊನೆಗೆ ಸೂಸೈಡ್‌ನ ಮೊದಲ ಆಲ್ಬಮ್. ಆ ಆಲ್ಬಮ್‌ನಲ್ಲಿ ಹತ್ತು ನಿಮಿಷದ ಒಂದು ಹಾಡಿದೆ, ಫ್ಯಾಕ್ಟರಿಯಲ್ಲಿ ದುಡಿದು ಸಂಸಾರ ನಡೆಸಲಾಗದೆ ಕೈಚೆಲ್ಲಿದ ಹುಡುಗನದ್ದು, ತುಂಬಾ ಭಾರ. ಮನಸ್ಸು ಸರಿಯಿಲ್ಲದ ದಿನ ಅದನ್ನು ಹಾಕಬೇಡಿ, ಮುಂದಿನ ಹಾಡಿಗೆ ಹೋಗಿ.